ಆಯ್ತಪ್ಪನವರ ತಿದ್ದುಪಡಿ

ಶಾಸಕರಿಗೆ ಜನ ಇಟ್ಟ ಹೆಸರು ಆಯ್ತಪ್ಪ. ರಸ್ತೆ ಬೇಕು ಅಂದರೆ "ಆಯ್ತಪ್ಪ", ಅದೇ ಜಾಗದಲ್ಲಿ ರಸ್ತೆ ಬೇಡ ಅಂದರೂ "ಆಯ್ತಪ್ಪ". ಆ ಒಂದೇ ಮಾತಿನ ಬಲದಲ್ಲಿ ನಾಲ್ಕು ಚುನಾವಣೆ ಗೆದ್ದಿದ್ದರು. ಸದನದಲ್ಲಂತೂ ಹದಿನೆಂಟು ವರ್ಷ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಪಾಪ, ಕೆಟ್ಟವರೇನಲ್ಲ, ಎದುರಿಗಿದ್ದವರ ಮುಖ ಸಪ್ಪಗಾಗುವುದನ್ನು ನೋಡಲಾರರು, ಅಷ್ಟೇ.

ಅಂಥವರ ಕೊರಳಿಗೆ ಅಕ್ಕನ ಶಾಲೆ ಬಂದು ಬಿತ್ತು. ಮೂವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಮುಚ್ಚುವ ಮಸೂದೆ ಸದನಕ್ಕೆ ಬಂದಿತ್ತು. ಗುಡ್ಡದಾಚೆಯ ಹಳ್ಳಿಯಲ್ಲಿ ಅಕ್ಕ ಪಾಠ ಹೇಳುವ ಶಾಲೆಯಲ್ಲಿದ್ದದ್ದು ಇಪ್ಪತ್ತಮೂರು ಮಕ್ಕಳು. ಮುಚ್ಚಿದರೆ ಆ ಚಿಳ್ಳೆಪಿಳ್ಳೆಗಳು ದಿನಾ ಆರು ಮೈಲಿ ನಡೆಯಬೇಕು.

"ಈ ಸಲ ಬಾಯಿ ಬಿಡದಿದ್ರೆ ನನ್ನ ಮನೆ ಮೆಟ್ಟಿಲು ಹತ್ತಬೇಡ," ಎಂದಳು ಅಕ್ಕ.

ಶಾಸಕರು ತಿದ್ದುಪಡಿ ಬರೆದುಕೊಟ್ಟರು: ಹತ್ತಿರದಲ್ಲಿ ಬೇರೆ ಶಾಲೆ ಇಲ್ಲದ ಕಡೆ ಮುಚ್ಚಬಾರದು. ವಿರೋಧ ಪಕ್ಷದವರೆಲ್ಲ ಕೈಜೋಡಿಸಲು ತಯಾರಿದ್ದರು. ಆದರೆ ಆಳುವ ಪಕ್ಷದವರೇ ತಿದ್ದುಪಡಿ ತಂದರೆ, ಸಭಾಧ್ಯಕ್ಷರು "ವಾಪಸ್ ತಗೋತೀರಾ?" ಎಂದು ಕೇಳುವುದು, ತಂದವರು ತಲೆಯಾಡಿಸಿ ಕೂರುವುದು ಅಲ್ಲಿಯ ವಾಡಿಕೆ. ಇವರ ಬಾಯಿಂದ "ಆಯ್ತಪ್ಪ" ಉದುರುವುದರಲ್ಲಿ ಹೆಂಡತಿಗೆ ಅನುಮಾನವೇ ಇರಲಿಲ್ಲ.

ಹಾಗಾಗಿ ವಾರವಿಡೀ ಮನೆಯಲ್ಲಿ ತಾಲೀಮು ನಡೆಯಿತು. ಗಡ್ಡ ಹೆರೆಯುತ್ತಿದ್ದರೆ ಬಾಗಿಲಿಂದ ಇಣುಕಿ, "ವಾಪಸ್ ತಗೋತೀರಾ?"

"ಇಲ್ಲ."

ಶೂ ಹಾಕಿಕೊಳ್ಳುವಾಗ ಮತ್ತೆ. "ಇಲ್ಲ." ಐದನೆಯ ದಿನ "ಕಾಫಿ ಕುಡೀತೀರಾ?" ಎಂದದ್ದಕ್ಕೂ "ಇಲ್ಲ" ಎಂದುಬಿಟ್ಟು, ಬರಿ ಹೊಟ್ಟೆಯಲ್ಲಿ ಮುಖ ಊದಿಸಿಕೊಂಡು ಕೂತರು.

"ಈಗ ಪಳಗಿದ್ರಿ ನೋಡಿ," ಎಂದು ಹೆಂಡತಿ ಹಿಗ್ಗಿದಳು.

ಆ ದಿನ ಬಂತು. ಮಂತ್ರಿಗಳು ಚೀಟಿ ಕಳಿಸಿದರು. ಮತ ಹಾಕಿಸುವ ಹೊಣೆ ಹೊತ್ತ ಪಕ್ಷದ ಸಚೇತಕರು ಬಂದು ತೋಳು ಜಗ್ಗಿದರು. ಇವರು ಜಪ್ಪಯ್ಯ ಅನ್ನಲಿಲ್ಲ. ಅದೃಷ್ಟಕ್ಕೆ ಆಳುವ ಪಕ್ಷದ ಅರ್ಧ ಜನ ಕ್ಯಾಂಟೀನಿನಲ್ಲಿದ್ದರು. ಎದುರು ಸಾಲುಗಳು ಮಾತ್ರ ಕಿಕ್ಕಿರಿದಿದ್ದವು. ತಿದ್ದುಪಡಿ ಮತಕ್ಕೆ ಬಿದ್ದರೆ ಶಾಲೆ ಉಳಿದಂತೆಯೇ.

ಸಭಾಧ್ಯಕ್ಷರು ಕನ್ನಡಕದ ಮೇಲಿಂದ ಇವರನ್ನು ನೋಡಿದರು. ಬಿಗಿದ ಆ ದವಡೆ ಕಂಡು, ವಾಡಿಕೆಯ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ ಅನ್ನಿಸಿತೋ ಏನೋ, ಅದನ್ನು ಬಿಟ್ಟು ನೇರವಾಗಿ ಕೇಳಿದರು.

"ಹಾಗಾದ್ರೆ ಇದನ್ನ ಮತಕ್ಕೆ ಹಾಕ್ಬೇಕು ಅಂತೀರಾ?"

"ಇಲ್ಲ," ಎಂದರು ಶಾಸಕರು, ಸದನದ ಮೂಲೆಮೂಲೆಗೂ ಕೇಳುವಂತೆ.

ಎದೆ ಉಬ್ಬಿಸಿ ಕೂತು ಬೆವರೊರೆಸಿಕೊಂಡರು. ಸಚೇತಕರು ಓಡಿಬಂದು ಕೈಕುಲುಕಿ, "ನಿಮ್ಮ ಉಪಕಾರ ಮರೆಯೋಲ್ಲ" ಎಂದಾಗಲೇ ತಾವು ಅಂದದ್ದೇನೆಂದು ಅವರಿಗೆ ಹೊಳೆದದ್ದು. ತಡವರಿಸುತ್ತ ಎದ್ದರು. "ಸ್ವಾಮಿ, ನಾನು ಹೇಳ್ಬೇಕು ಅಂದ್ಕೊಂಡಿದ್ದು..."

"ಮುಂದಿನ ವಿಷಯ," ಎಂದರು ಸಭಾಧ್ಯಕ್ಷರು.

ಮರುದಿನ ಬೆಳಿಗ್ಗೆ ಶಾಲೆಗೇ ಹೋಗಿ ಅಕ್ಕನಿಗೆ ಎಲ್ಲ ಹೇಳಿದರು. ಅಕ್ಕ ಮೇಜು ಹಿಡಿದುಕೊಂಡು ನಕ್ಕಳು. ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಅವಳ ಕಣ್ಣು ತುಂಬಿತು.

"ಇದನ್ನ ಅಷ್ಟೂ ಮನೆಗೆ ಯಾವ ಬಾಯಲ್ಲಿ ಹೇಳ್ಲಿ ಕಣೋ?"

"ನೀನ್ಯಾಕೆ ಹೇಳ್ತೀಯ ಅಕ್ಕ? ನಾನು ಹೋಗ್ತೀನಿ."

ಮೊದಲ ಮನೆಯ ಹೆಂಗಸು ಬಕೆಟ್ ಹಿಡಿದು ಹೊರಗೆ ಬರುತ್ತಿದ್ದಳು. ಇವರನ್ನು ಕಂಡು ಅವಳಿಗೆ ಅಚ್ಚರಿ. "ಏನ್ ಸಾರ್, ಚುನಾವಣೆ ಬಂತಾ?"

"ಚುನಾವಣೆಗಿನ್ನೂ ಎರಡು ವರ್ಷ ಇದೆಯಮ್ಮ," ಎಂದರು ಶಾಸಕರು. "ನಿನ್ನ ಮಗಳ ಶಾಲೆ ಮುಚ್ಚೋ ಹಾಗೆ ಮಾಡಿ ಬಂದಿದ್ದೀನಿ. ಅದನ್ನ ಹೇಳೋಕೆ ಬಂದೆ."