ಕೊನೆಯ ಬಿಸಿ

"ತಲೆ ಕಡೆ ನೀನು ಹಿಡಿ, ಕಾಲು ನಾನು ಹಿಡೀತೀನಿ" ಎಂದು ಜೊತೆಯ ಹುಡುಗನಿಗೆ ಹೇಳಿ ಅಂತ್ಯಕ್ರಿಯೆ ಕಂಪನಿಯ ಬ್ಯಾರಿ ಹೆಣದತ್ತ ಬಗ್ಗಿ ಕೈ ಚಾಚಿದ್ದೇ ತಡ, ಧ್ಯಾನ ಕಲಿಸುವ ಗ್ವೆಂಡಾ ಹೌಹಾರಿದಳು.

"ಕಾಲು ಮುಟ್ಟಬೇಡಿ! ಮೊದಲು ನೆತ್ತಿ. ಎಷ್ಟು ಸಲ ಹೇಳ್ಬೇಕು ನಿಮಗೆ?"

"ಮೂರು ದಿನ ಆಯ್ತಲ್ಲಮ್ಮಾ. ಕಾಲು ಮುಟ್ಟದೆ ಎತ್ತೋಕೆ ನಾನೇನು ಮಂತ್ರವಾದೀನಾ?"

"ಹಾಸಿರೋ ಬಟ್ಟೆ ಸಮೇತ ಎತ್ತಿ. ಮೊದಲು ಎಲ್ಲಿ ಮುಟ್ತೀವೋ, ಜೀವ ಅಲ್ಲಿಂದ ಹೊರಡತ್ತೆ. ನೆತ್ತಿಯಿಂದ ಹೊರಟ್ರೆ ಒಳ್ಳೇ ಜನ್ಮ. ಕಾಲಿಂದ ಹೊರಟ್ರೆ..."

ಗ್ವೆಂಡಾ ಅರ್ಧಕ್ಕೇ ಬಿಟ್ಟಿದ್ದನ್ನು ಸತ್ತ ವಿಲ್ಫ್‌ನ ಹೆಂಡತಿ ಡೋರೀನ್ ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡಳು. ನರಕ. ಗ್ವೆಂಡಾಳ ಬೌದ್ಧ ಬಳಗದ ಸಭೆಗಳಿಗೆ ಟೀ ಮಾಡಿಕೊಡುತ್ತಾ ಅಷ್ಟನ್ನು ಅವಳೂ ಕೇಳಿದ್ದಳು. ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಕೈಗಳನ್ನು ಅಂಗಿಯ ಜೇಬಿಗೆ ತುರುಕಿದಳು.

"ಜನವರಿ ಚಳೀಲಿ ಕಿಟಕಿ ತೆಗೆದಿಟ್ಟು ಮೂರು ದಿನ ಹೆಣ ಕಾದಿದೀರಿ" ಎಂದಳು ಸತ್ತವನ ಅಕ್ಕ ಐವಿ. ಒಂದು ಭಾನುವಾರವೂ ಚರ್ಚು ತಪ್ಪಿಸಿದವಳಲ್ಲ. "ನಮ್ಮಮ್ಮ ಇದ್ದಿದ್ರೆ ನಿಮಗೆಲ್ಲ ಪೊರಕೆ ಸೇವೆ ಆಗೋದು."

ಗ್ವೆಂಡಾ ಕಿವಿಗೆ ಹಾಕಿಕೊಳ್ಳಲಿಲ್ಲ. ಡೋರೀನಳ ಹತ್ತಿರ ಬಂದು ದನಿ ತಗ್ಗಿಸಿದಳು. "ಆವತ್ತು ನೀನು ಅವನನ್ನ ಎಲ್ಲೂ ಮುಟ್ಟಲಿಲ್ಲ ತಾನೆ?"

"ಇಲ್ಲ" ಎಂದಳು ಡೋರೀನ್. ಈ ಸುಳ್ಳನ್ನು ಫೋನಿನಲ್ಲೊಮ್ಮೆ ಹೇಳಿಯಾಗಿತ್ತು. ಎದುರಿಗೆ ನಿಂತು ಹೇಳುವುದು ಇನ್ನೂ ಕಷ್ಟವಾಯಿತು.

*

ವಿಲ್ಫ್ ಜೀವಮಾನವಿಡೀ ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಬಸ್ಸು ಓಡಿಸಿದವನು. ಸೊಂಟ ಹಿಡಿದುಕೊಂಡಾಗ ಡಾಕ್ಟರು ಸುಮ್ಮನೆ ಕೂತು ಉಸಿರಾಡಲು ಕಲಿ ಎಂದರು. ಅದನ್ನು ಕಲಿಸುವ ಗ್ವೆಂಡಾಳ ಬಳಗ ಇದ್ದದ್ದು ಮೀನು ಕರಿಯುವ ಅಂಗಡಿಯ ಮಹಡಿಯಲ್ಲಿ. ಪ್ರತಿ ಮಂಗಳವಾರ ಸಂಜೆ ಅಲ್ಲಿಗೆ ಹೋದ ಗಂಡ ಊದುಬತ್ತಿ, ಕರಿದ ಮೀನು ಎರಡರ ವಾಸನೆಯನ್ನೂ ಹೊತ್ತುಕೊಂಡು ಬರುತ್ತಿದ್ದ. ಸನ್ಯಾಸಿಯೇನೂ ಆಗಲಿಲ್ಲ. ಫುಟ್‌ಬಾಲ್ ತಂಡ ಸೋತರೆ ಟಿ.ವಿ.ಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ಗೂಡಿನಲ್ಲಿದ್ದ ಬುದ್ಧನ ಮುಂದೆ ಪೆಚ್ಚಾಗಿ ಕೈ ಮುಗಿಯುತ್ತಿದ್ದ. ಎಲೆಕೋಸಿಗೆ ಬಿದ್ದ ಬಸವನಹುಳಗಳನ್ನು ಕೊಲ್ಲಲಾರದೆ, ಡಬ್ಬಿಯಲ್ಲಿ ಹಾಕಿಕೊಂಡು ಕೊನೆಯ ಸ್ಟಾಪಿನಲ್ಲಿ ಇಳಿಸಿ ಬರುತ್ತಿದ್ದ.

"ಟಿಕೆಟ್ ಹರಿದ್ಯಾ ಅವಕ್ಕೆ?" ಎಂದು ಡೋರೀನ್ ಕಿಚಾಯಿಸಿದರೆ, "ಪಾಸ್ ಇದೆ ಕಣೇ" ಎನ್ನುತ್ತಿದ್ದ.

ಸಾವಿನ ಮಾತು ಬಂದರೆ ಮಾತ್ರ ಅವನ ತಮಾಷೆ ನಿಂತುಹೋಗುತ್ತಿತ್ತು. "ಹೋಗೋ ಹೊತ್ನಲ್ಲಿ ನನ್ನ ಮುಟ್ಟಬೇಡ ಡೋರಿ. ಮುಟ್ಟಿದ್ರೂ ನೆತ್ತಿ ಮಾತ್ರ. ನಂಗೆ ದಿಗಿಲು."

"ನಿನ್ನ ಕಪ್ಪೆ ಪಾದ ಯಾರಿಗೆ ಬೇಕೋ!" ಎಂದು ಅವಳು ನಕ್ಕಿದ್ದಳು. ಆ ತಣ್ಣನೆಯ ಪಾದಗಳನ್ನು ಮದುವೆಯಾದಂದಿನಿಂದ ತನ್ನ ಮೊಣಕಾಲ ಕೆಳಗೆ ಬೆಚ್ಚಗಿಟ್ಟವಳು ಅವಳೇ.

ಆ ಬೆಳಿಗ್ಗೆ ವಿಲ್ಫ್ ಕಣ್ಣು ತೆರೆಯದೆ, "ಕಾಲು ಕೊರೀತಿದೆ ಡೋರಿ" ಎಂದ. ಅವಳು ಹಾಸಿಗೆಯ ತುದಿಯಲ್ಲಿ ಕೂತು ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಹಾಲು ತೀರಿದ್ದು, ಬೆಕ್ಕು ಮನೆಗೆ ಬಾರದ್ದು, ಏನೇನೋ ಹೇಳುತ್ತಾ ತಿಕ್ಕಿದಳು. ಉತ್ತರ ಬರಲಿಲ್ಲವೆಂದು ತಲೆಯೆತ್ತಿ ನೋಡಿದರೆ ಅವನು ಹೋಗಿಬಿಟ್ಟಿದ್ದ.

*

ಚಿತಾಗಾರದ ಬಾಗಿಲಲ್ಲೇ ಡೋರೀನ್ ಗ್ವೆಂಡಾಳ ತೋಳು ಹಿಡಿದಳು. ಒಳಗೆ ಜನ ಕೂತಾಗಿತ್ತು, ಪೆಟ್ಟಿಗೆ ಕಟ್ಟೆಯ ಮೇಲಿತ್ತು.

"ನಾನು ಸುಳ್ಳು ಹೇಳ್ದೆ. ಅವನ ಕಾಲು ನನ್ನ ಮಡಿಲಲ್ಲಿತ್ತು. ತಿಕ್ತಾ ಇದ್ದೆ ಗ್ವೆಂಡಾ, ಅವನು ಹೋಗಿದ್ದೇ ಗೊತ್ತಾಗ್ಲಿಲ್ಲ."

ಗ್ವೆಂಡಾಳ ಮುಖ ಬಿಳುಚಿಕೊಂಡಿತು. ಆದರೂ ಸಾವರಿಸಿಕೊಂಡು, "ತಡಿ, ತಡಿ. ಇನ್ನೊಂದು ಲೆಕ್ಕ ಇದೆ" ಎಂದಳು. "ಮೈಯೆಲ್ಲ ತಣ್ಣಗಾದ ಮೇಲೂ ಎಲ್ಲಿ ಬಿಸಿ ಉಳಿಯತ್ತೋ, ಜೀವ ಹೋಗಿರೋದು ಅಲ್ಲಿಂದ. ನೆತ್ತಿ ಬೆಚ್ಚಗಿತ್ತಾ? ಎದೆ? ನೆನಪು ಮಾಡ್ಕೋ."

ನೆತ್ತಿ ಎಂದುಬಿಟ್ಟರೆ ಮುಗಿಯಿತು. ಡೋರೀನಳ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು.

"ಹಣೆ, ಎದೆ, ಕೈ, ಎಲ್ಲಾ ಮುಟ್ಟಿ ನೋಡ್ದೆ, ಆಗ್ಲೇ ತಣ್ಣಗಿತ್ತು" ಎಂದಳು. "ಕಾಲು ಬೆಚ್ಚಗಿತ್ತು. ನಾನು ಅಷ್ಟೊಂದು ತಿಕ್ಕಿದ್ದೆ."

ಗ್ವೆಂಡಾ ಪೆಟ್ಟಿಗೆಯ ಕಡೆ ನೋಡಿದಳು.

"ಎಲ್ಲಿಗೆ ಕಳಿಸ್ಬಿಟ್ಟೆ ನಾನು ಅವನನ್ನ? ಹೇಳೇ."

"ನಂಗೊತ್ತಿಲ್ಲ ಕಣೇ."

ಗ್ವೆಂಡಾಳ ಬಾಯಲ್ಲಿ ಆ ಮಾತನ್ನು ಡೋರೀನ್ ಎಂದೂ ಕೇಳಿರಲಿಲ್ಲ. ನರಕ ಅಂದಿದ್ದರೂ ಇಷ್ಟು ಭಯವಾಗುತ್ತಿರಲಿಲ್ಲವೇನೋ.

ಮಂತ್ರ ಹೇಳಿಸುವವರು ನಿಲ್ಲಬೇಕಾದದ್ದು ಸತ್ತವರ ತಲೆಯ ಬಳಿ. ಮಂಗಳವಾರದ ಸಭೆಯವರು ಅಲ್ಲಿ ಜಾಗ ಬಿಟ್ಟಿದ್ದರು. ಗ್ವೆಂಡಾ ಅದನ್ನು ದಾಟಿ ನಡೆದು ಪೆಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ನಿಂತಳು. ಅವಳಿಗೆ ತುದಿ ತಪ್ಪಿರಬೇಕೆಂದು ಬ್ಯಾರಿ ತಲೆಯ ಕಡೆ ಕಣ್ಣಲ್ಲೇ ತೋರಿಸಿದ. ಅವಳು ಇಲ್ಲವೆಂದು ತಲೆಯಾಡಿಸಿ, ಕಾಲಿದ್ದ ಕಡೆ ಎರಡೂ ಅಂಗೈ ಊರಿದಳು.

"ಓಂ ಮಣಿ ಪದ್ಮೇ ಹೂಂ." ದನಿ ಒಡೆಯಿತು. ಮತ್ತೆ ಮೊದಲಿಂದ ಹೇಳಿದಳು.

ಡೋರೀನ್ ಹೋಗಿ ಪಕ್ಕದಲ್ಲಿ ನಿಂತಳು. ಮಂಗಳವಾರದವರು ಮುಖಮುಖ ನೋಡಿಕೊಂಡು ಒಬ್ಬೊಬ್ಬರೇ ಎದ್ದು ಬಂದರು.

"ಇದೇನು ಎಲ್ಲ ಒಂದೇ ಕಡೆ! ಸ್ವಲ್ಪ ಸರೀರಿ" ಎಂದು ಐವಿಯೂ ನುಗ್ಗಿದಳು.

ಡೋರೀನಳ ಕೈ ಅವಳಿಗೆ ತಿಳಿಯದೆಯೇ ಮರದ ಹಲಗೆಯನ್ನು ತಿಕ್ಕುತ್ತಿತ್ತು. ಅರಿವಾದೊಡನೆ ಕೈ ಹಿಂದೆಗೆದಳು. ಗ್ವೆಂಡಾ ಮಂತ್ರ ನಿಲ್ಲಿಸದೆ, ಆ ಕೈ ಹಿಡಿದು ಮತ್ತೆ ಅಲ್ಲೇ ಇಟ್ಟಳು.