ಮೋಡೆಮ್ ಎತ್ತಿದ ಫೋನು

ಅಕ್ಕನ ಮದುವೆಯಾದ ಹೊಸದರಲ್ಲಿ, ಅಳಿಯನಿಗೆ ಮಾತೇ ಬರುವುದಿಲ್ಲವೇನೋ ಎಂದು ನಮ್ಮಮ್ಮನಿಗೆ ಒಳಗೊಳಗೇ ದಿಗಿಲು. ಭಾವ ಅಷ್ಟು ಕಡಿಮೆ ಮಾತಿನವರು. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಅಕ್ಕನೋ, ಬೆಳಗ್ಗೆ ಕಣ್ಣು ಬಿಟ್ಟವಳು ನಿದ್ದೆ ಹತ್ತುವವರೆಗೂ ಬಾಯಿ ಮುಚ್ಚಿದವಳಲ್ಲ. ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಗಂಡನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು, ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು. ಹೋಗಿ ಹೋಗಿ ಆ ರೇಡಿಯೋದ ಗಂಟಲಿಗೇ ಕ್ಯಾನ್ಸರ್ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿ, ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ತೂತು ಮಾಡಿ ಜೀವ ಉಳಿಸಿದರು. ಮಾತು ಮಾತ್ರ ಹೋಯಿತು.

ಭಾವ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೆಕ್ಯಾನಿಕ್. ಅದು ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅಣೆಕಟ್ಟಿನ ಮಗ್ಗುಲಲ್ಲಿ. ಅಲ್ಲೇ ವಸತಿ. ಆಸ್ಪತ್ರೆ ಇರುವುದು ನಮ್ಮ ಊರಿನಲ್ಲಿ, ಅದಕ್ಕೆ ಆಪರೇಷನ್ ಆದ ಮೇಲೆ ಅಕ್ಕ ನನ್ನ ಜೊತೆಯಲ್ಲೇ ಉಳಿದಳು. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವವಳು. ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಹಗಲೆಲ್ಲ ನಾನು ಕೆಳಗೆ, ಅವಳು ಮೇಲೆ. ಏನಾದರೂ ಬೇಕೆಂದರೆ ಕಾಲಿನಿಂದ ನೆಲ ಕುಟ್ಟುತ್ತಿದ್ದಳು, ನಾನು ಮೇಲೆ ಹೋಗಿ ಅವಳು ಸ್ಲೇಟಿನ ಮೇಲೆ ಬರೆದದ್ದನ್ನು ಓದುತ್ತಿದ್ದೆ. ಬರೆಯುವುದರಲ್ಲೂ ಅವಳು ರೇಡಿಯೋನೇ. ಒಂದು ಲೋಟ ನೀರು ಬೇಕೆನ್ನುವುದಕ್ಕೆ ಸ್ಲೇಟಿನ ಎರಡೂ ಕಡೆ ತುಂಬುತ್ತಿತ್ತು.

ಸಂಜೆ ಪಾಳಿ ಮುಗಿಸಿ ಭಾವ ಫೋನ್ ಮಾಡುತ್ತಿದ್ದರು. ಅಕ್ಕ ರಿಸೀವರ್ ಕಿವಿಗಿಟ್ಟುಕೊಂಡು ಮಲಗುತ್ತಿದ್ದಳು. ಹೌದು ಅಂದರೆ ಉಗುರಿನಿಂದ ಒಂದು ಸಲ ಟಕ್ ಅನ್ನಿಸುವುದು, ಇಲ್ಲ ಅಂದರೆ ಎರಡು ಸಲ. ಅಷ್ಟೇ ಅವಳ ಕಡೆಯಿಂದ. ಉಳಿದದ್ದನ್ನೆಲ್ಲ ಭಾವನೇ ಮಾತಾಡಬೇಕು. ನಂಬಿದರೆ ನಂಬಿ, ಮಾತಾಡಿದರು. ಜನ್ಮದಲ್ಲಿ ಬಾಯಿ ಬಿಡದ ಮನುಷ್ಯ ಮೊದಲು ತಡವರಿಸಿ, ಕೆಮ್ಮಿ, ಆಮೇಲೆ ಹದಕ್ಕೆ ಬಂದರು. ಯಾವ ಮೋಟರು ಬಿಸಿಯಾಯಿತು, ವಾಲ್ವಿನ ಚಕ್ರದ ಮೇಲೆ ಮಲಗುವ ಬೆಕ್ಕು ಇವತ್ತು ಯಾರನ್ನು ಪರಚಿತು, ತಾನು ಮಾಡಿದ ಅಡುಗೆಗೆ ಉಪ್ಪು ಎಷ್ಟು ಜಾಸ್ತಿಯಾಯಿತು, ಎಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಗು ಬಂದರೆ ಸದ್ದಿಲ್ಲದೆ ಭುಜ ಕುಣಿಯುತ್ತಿತ್ತು. ಅಷ್ಟು ವರ್ಷ ಜೊತೆಗಿದ್ದೂ ಸಿಗದಿದ್ದ ಗಂಡ ಈಗ ಸಿಕ್ಕಿದ ಹಾಗಿತ್ತು ಅವಳ ಮುಖ.

ಆದರೆ ಆ ಮುಖ ಭಾವನಿಗೆ ಎಲ್ಲಿ ಕಾಣಬೇಕು? ಅವರಿಗೆ ಕೇಳುತ್ತಿದ್ದದ್ದು ಬರೀ ಟಕ್ ಟಕ್. ಒಮ್ಮೆ ರಜೆಯ ಮೇಲೆ ಬಂದಾಗ ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿಕೊಂಡರು.

"ನಾನೊಬ್ಬನೇ ಒದರ್ತಾ ಇರ್ತೀನಿ. ಅವಳಿಗೆ ಎಷ್ಟು ಮಾತಿರುತ್ತೋ ಒಳಗೆ. ಗಂಟಲಲ್ಲೇ ಕೊಳೀತಾ ಇರುತ್ತಲ್ಲಮ್ಮ."

ಅವರ ಇಲಾಖೆಯ ಯಾವುದೋ ಕಚೇರಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಮೂಲೆಗೆ ಹಾಕಿದ್ದರು. ಕೇಳಿ ಎರಡು ತಂದರು. ಒಂದು ಇಲ್ಲಿ, ಒಂದು ಅಲ್ಲಿ. ಎರಡಕ್ಕೂ ಮೋಡೆಮ್ ಇತ್ತು, ಅಂದರೆ ಕಂಪ್ಯೂಟರನ್ನು ಫೋನಿನ ತಂತಿಗೆ ಸೇರಿಸುವ ಸಾಧನ. ಅಕ್ಕನ ಕಂಪ್ಯೂಟರು ಭಾವನ ಕಂಪ್ಯೂಟರಿಗೆ ಫೋನ್ ಮಾಡುತ್ತದೆ, ಅದು ಎತ್ತಿಕೊಳ್ಳುತ್ತದೆ, ಇವಳು ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಪರದೆಯ ಮೇಲೆ ಮೂಡುತ್ತದೆ. ಇಂಟರ್ನೆಟ್ಟಿನ ಹಂಗೂ ಬೇಡ. ಹೇಳುವಾಗ ಭಾವನ ಕಣ್ಣು ಹೊಳೆಯುತ್ತಿತ್ತು. ಅಕ್ಕ ಅವರನ್ನೇ ನೋಡುತ್ತಾ ಎಲ್ಲದಕ್ಕೂ ತಲೆ ಆಡಿಸಿದಳು.

ನಮ್ಮ ಮನೆಯದು ಹೊರಗಿಡುವ ಡಬ್ಬಿಯಂಥ ಮೋಡೆಮ್. ಸಿಕ್ಕಿಸಿದ ತಕ್ಷಣ ಕೆಂಪು ದೀಪ ಹತ್ತಿತು, ನಂಬರ್ ಹಾಕಿದರೆ ಕಿರ್ರೋ ಎಂದು ಕೂಗಿತು. ಅಕ್ಕನಿಗೆ ಅದು ಮೋಜು. ಆ ಕೂಗಿಗೆ ತಕ್ಕ ಹಾಗೆ ಮುಖ ಸೊಟ್ಟ ಮಾಡಿ ನನ್ನನ್ನು ನಗಿಸುತ್ತಿದ್ದಳು. ಭಾವನದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಕಾರ್ಡು. ಶನಿ ಅಲ್ಲಿಂದಲೇ ಹೆಗಲೇರಿತು. ಹಳೆಯ ಯಂತ್ರಕ್ಕೆ ಹಗುರ ಎಂದು ರಿಪೇರಿಯವನು ಅದಕ್ಕೆ, ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಕೊಟ್ಟಿದ್ದ. ಆ ಕಾರ್ಡನ್ನು ಕೆಲಸಕ್ಕೆ ಹಚ್ಚಲು ಡ್ರೈವರ್ ಎಂಬ ಪ್ರೋಗ್ರಾಮು ಬೇಕು, ಕಾರ್ಡು ಮಾಡಿದವರು ಲಿನಕ್ಸಿಗೆ ಅದನ್ನು ಮಾಡಿಯೇ ಇರಲಿಲ್ಲ. ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಇಂಟರ್ನೆಟ್ಟಿಗೆ ಹೋಗೋಣವೆಂದರೆ ಮೋಡೆಮ್ ನಡೆಯಬೇಕು, ಮೋಡೆಮ್ ನಡೆಯಬೇಕೆಂದರೆ ಡ್ರೈವರ್ ಬೇಕು.

ಭಾವ ಅಲ್ಲಿಯವರೆಗೆ ಕಂಪ್ಯೂಟರಿನ ಕೀಲಿ ಒತ್ತಿದವರಲ್ಲ. ಪಂಪಿನ ಹಾಗೆ ತಂತಿ ಜೋಡಿಸಿ ಸ್ವಿಚ್ ಹಾಕಿದರೆ ಆಯಿತು ಅಂದುಕೊಂಡಿದ್ದರು. ಒಂದು ವಾರ ಬಿಟ್ಟು ಒಂದು ವಾರ ಇಲ್ಲಿಗೆ ಬಂದಾಗ ಬೀದಿ ತುದಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಡ್ರೈವರನ್ನು ಸಿ.ಡಿ.ಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಹೋಗಿ ನೋಡಿದರೆ ಅದು ಇದ್ದ ಹಾಗೇ ನಡೆಯುವುದಲ್ಲ, ನಾವೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ ಸಿದ್ಧಪಡಿಸಬೇಕು. ಮುಂದಿನ ಸಲ ಕಂಪೈಲರ್ ಒಯ್ದರು. ಆಗ ಲಿನಕ್ಸಿನ ತಿರುಳಾದ ಕರ್ನಲ್ಲಿನ ಕಡತಗಳು ಬೇಕೆಂದಿತು. ಅದನ್ನೂ ಒಯ್ದರು. ಒಯ್ದ ಕಡತ ಒಂದು ಕರ್ನಲ್ಲಿನದು, ಯಂತ್ರದಲ್ಲಿದ್ದ ಕರ್ನಲ್ಲು ಇನ್ನೊಂದು. ಹೊಂದಲಿಲ್ಲ. ಇಂಟರ್ನೆಟ್ಟಿನಲ್ಲಿ ತಿಳಿದವರ ಗುಂಪೊಂದನ್ನು ಕೇಳಿದರೆ, ಮೊದಲು ಕೈಪಿಡಿ ಓದಿಕೊಂಡು ಬಾ ಎಂದು ಒಬ್ಬ ಗದರಿಸಿದ. ಭಾವ ಅದನ್ನು ಬೇಜಾರಿಲ್ಲದೆ ನನಗೆ ಓದಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಮನುಷ್ಯ ಹೆಂಡತಿಯ ಜೊತೆ ಮಾತಾಡಬೇಕೆಂದು ಒದ್ದಾಡುತ್ತಿದ್ದಾನೆ, ಇವನಿಗೆ ಕೈಪಿಡಿಯಂತೆ.

ಬಂದಾಗಲೆಲ್ಲ ಅವರ ಅಂಗೈ ತುಂಬ ಪೆನ್ನಿನಲ್ಲಿ ಗೀಚಿದ ಇಂಗ್ಲಿಷ್ ಅಕ್ಷರ. ಪರದೆಯ ಮೇಲೆ ಬಂದ ದೋಷದ ಸಾಲುಗಳನ್ನು ಅಲ್ಲಿ ಬರೆದುಕೊಂಡಿರುತ್ತಿದ್ದರು. ಬಸ್ಸಿನ ಸೆಖೆಗೆ ಬೆವರಿ ಅರ್ಧ ಅಳಿಸಿಹೋಗಿರುತ್ತಿತ್ತು. ಅಕ್ಕ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಳಿಸಿದ ಅಕ್ಷರ ಯಾವುದಿರಬಹುದೆಂದು ಅವರ ಜೊತೆ ಸೇರಿ ಊಹಿಸುತ್ತಿದ್ದಳು. ಆಮೇಲೆ ಸ್ಲೇಟಿನ ಮೇಲೆ, ನಿಮ್ಮ ಡ್ರೈವರಿಗೆ ಇನ್ನೂ ಲೈಸೆನ್ಸ್ ಸಿಕ್ಕಿಲ್ಲವೇ ಎಂದು ಬರೆದು ಕಾಲೆಳೆಯುತ್ತಿದ್ದಳು.

ನನಗೆ ಸಿಟ್ಟು ಬರುತ್ತಿದ್ದದ್ದು ಬೇರೆ ಕಾರಣಕ್ಕೆ. ಪಂಪ್‌ಹೌಸಿನ ಕೋಣೆಯಲ್ಲಿ ಫೋನಿನ ತಂತಿ ಸಿಕ್ಕಿಸಲು ಗೋಡೆಯಲ್ಲಿದ್ದದ್ದು ಒಂದೇ ಕಡೆ. ಮೋಡೆಮ್ ಪರೀಕ್ಷೆ ಮಾಡಬೇಕೆಂದರೆ ಫೋನಿನ ತಂತಿ ಕಿತ್ತು ಮೋಡೆಮಿನದನ್ನು ಸಿಕ್ಕಿಸಬೇಕು. ಆ ಗುಂಗಿನಲ್ಲಿ ಎಷ್ಟೋ ಸಂಜೆ ಅವರು ಫೋನ್ ಮಾಡುವುದನ್ನೇ ಮರೆತರು. ಅಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ನೋಡಲಾರದೆ ನಾನು ಒಮ್ಮೆ ಭಾವನಿಗೆ, ಆ ದರಿದ್ರ ಕಾರ್ಡನ್ನು ಅಣೆಕಟ್ಟಿಗೆ ಎಸೆದು ನೆಮ್ಮದಿಯಾಗಿ ಮಾತಾಡಿ ಎಂದು ಜೋರು ಮಾಡಿದೆ. ಇನ್ನೇನು ಬಂತಮ್ಮ, ಕರ್ನಲ್ಲು ಒಂದು ಹೊಂದಿದರೆ ಮುಗೀತು ಎಂದರು. ಅಕ್ಕ ನನ್ನ ತೊಡೆ ಚಿವುಟಿ ಸುಮ್ಮನಾಗಿಸಿದಳು. ಅವರು ಹೋದ ಮೇಲೆ, ಹಠಕ್ಕೆ ಬಿದ್ದಿದ್ದಾರೆ, ಬಿಡು ಎಂದಷ್ಟೇ ಬರೆದಳು. ಸ್ಲೇಟಿನ ಮುಕ್ಕಾಲು ಭಾಗ ಖಾಲಿ ಇತ್ತು.

ಒಂದು ಬೆಳಗ್ಗೆ ಅಕ್ಕನಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಕತ್ತಿನ ತೂತಿನಲ್ಲಿ ಉಸಿರು ಗೊರಗೊರ ಎನ್ನುತ್ತಿತ್ತು. ಅಂಗಡಿಯ ಯಜಮಾನರು ಟ್ಯಾಕ್ಸಿ ತರಿಸಿದರು. ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ಶ್ವಾಸಕೋಶಕ್ಕೆ ಸೋಂಕು ಇಳಿದಿದೆ, ಉಸಿರಾಟದ ಯಂತ್ರಕ್ಕೆ ಹಾಕಬೇಕು, ಅದಕ್ಕೆ ನಿದ್ದೆ ಬರಿಸಬೇಕಾಗುತ್ತದೆ ಎಂದರು. ಎಷ್ಟು ದಿನ ಎಂದರೆ ಈಗಲೇ ಹೇಳಲಾಗದು ಎಂದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಸೆರಗು ಜಗ್ಗಿ, ಕೈಯನ್ನು ಕಿವಿಯ ಹತ್ತಿರ ಹಿಡಿದು ತೋರಿಸಿದಳು. ಫೋನು.

ನರ್ಸಮ್ಮ ಒಳ್ಳೆಯವಳು. ಮೇಜಿನ ಮೇಲಿದ್ದ ಫೋನನ್ನು ತಂತಿ ಎಳೆದು ಮಂಚದವರೆಗೆ ತಂದಳು. ಬೇಗ ಮುಗಿಸಿ, ಒಳಗೆ ಎಲ್ಲ ಸಿದ್ಧ ಮಾಡ್ತಿದ್ದಾರೆ ಎಂದಳು. ನಾನು ನಂಬರ್ ತಿರುಗಿಸಿದೆ. ರಿಂಗಾಯಿತು, ರಿಂಗಾಯಿತು, ಎತ್ತಿದ ಸದ್ದಾಯಿತು. ಒಂದು ಕ್ಷಣವೂ ದಂಡವಾಗಬಾರದೆಂದು ರಿಸೀವರನ್ನು ಅವಳ ಕಿವಿಗೆ ಇಟ್ಟುಬಿಟ್ಟೆ. ಅವಳ ಹುಬ್ಬು ಗಂಟಾಯಿತು. ನನಗೂ ಕೇಳಿಸಿತು. ಕಿರ್ರೋ ಎಂಬ ಕೂಗು.

ಅಕ್ಕ ರಿಸೀವರನ್ನು ದೂರ ಹಿಡಿದು ಅದನ್ನೇ ನೋಡಿದಳು. ಅವಳ ಭುಜ ಕುಣಿಯತೊಡಗಿತು. ಆ ಉಸಿರಿನಲ್ಲೂ ನಗುತ್ತಿದ್ದಳು. ನನ್ನ ಕಡೆ ನೋಡಿ, ಹೊದಿಕೆಯ ಮೇಲೆ ಎರಡೂ ಕೈಯ ಬೆರಳಿನಿಂದ ಟೈಪ್ ಮಾಡಿ ತೋರಿಸಿದಳು. ಭಾವನ ಡ್ರೈವರ್ ಕೊನೆಗೂ ಕೆಲಸಕ್ಕೆ ಬಂದಿತ್ತು. ಮೋಡೆಮ್ ಫೋನ್ ಎತ್ತಿತ್ತು.

ಮತ್ತೆ ಮಾಡು ಎಂದು ಸನ್ನೆ ಮಾಡಿದಳು. ಇಷ್ಟರಲ್ಲಿ ತಂತಿ ಬದಲಾಯಿಸಿರುತ್ತಾರೆ ಎಂದುಕೊಂಡು ಮತ್ತೆ ಮಾಡಿದೆ. ಮತ್ತೆ ಅದೇ ಕೂಗು. ಈ ಸಲ ಅವಳು ನಗಲಿಲ್ಲ. ರಿಸೀವರನ್ನು ಕಿವಿಯಿಂದ ತೆಗೆಯಲೂ ಇಲ್ಲ. ಅಷ್ಟು ಕರ್ಕಶ ಸದ್ದನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳಿದಳು. ಕೂಗು ನಿಂತು ಲೈನ್ ಕಟ್ಟಾಯಿತು. ಆಗಲೂ ಹಿಡಿದುಕೊಂಡೇ ಇದ್ದಳು. ನರ್ಸಮ್ಮ, ಇನ್ನು ತಡ ಮಾಡೋಕಾಗಲ್ಲ ಎಂದಾಗ ನಾನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು.

ಭಾವ ಸಂಜೆಯ ಹೊತ್ತಿಗೆ ಬಂದರು. ಡ್ರೈವರ್ ಬಂದ ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದ್ದರಂತೆ. ಯಾರೂ ಎತ್ತದಿದ್ದಾಗ ಅಂಗಡಿಗೆ ಮಾಡಿ, ವಿಷಯ ತಿಳಿದು, ಇದ್ದ ಬಟ್ಟೆಯಲ್ಲೇ ಬಸ್ಸು ಹತ್ತಿದ್ದರು. ಅಕ್ಕ ಕೊಳವೆಗಳ ನಡುವೆ ನಿದ್ದೆಯಲ್ಲಿದ್ದಳು. ಅವರು ಅವಳ ಕಿವಿಯ ಹತ್ತಿರ ಬಗ್ಗಿ, "ಡ್ರೈವರ್ ಬಂತು ಕಣೇ. ನೀನು ಇನ್ನು ಎಷ್ಟು ಬೇಕಾದ್ರೂ ಮಾತಾಡು," ಎಂದರು. ಬೆಳಗಿನ ಎರಡು ಕರೆ ಯಾರದೆಂದು ಅವರಿಗೆ ಗೊತ್ತಿಲ್ಲ ಎನ್ನುವುದು ನನಗೆ ಆಗ ಅರ್ಥವಾಯಿತು. ಕೂಗಿ ಹೇಳಿಬಿಡಬೇಕು ಎನ್ನಿಸುವಷ್ಟು ಕೋಪ ಬಂತು. ಅವರು ಅವಳ ಕೈ ಹಿಡಿದುಕೊಂಡಿದ್ದ ರೀತಿ ನೋಡಿ ಹಲ್ಲು ಕಚ್ಚಿಕೊಂಡೆ. ಮಾರನೆಯ ದಿನ ಅಕ್ಕ ಹೋದಳು, ಕಣ್ಣು ಬಿಡದೆಯೇ.

ಎಲ್ಲ ಮುಗಿದು ಬಂದವರೆಲ್ಲ ಹೊರಟುಹೋದ ಮೇಲೆ ಭಾವ ನನ್ನ ಮನೆಯಲ್ಲೇ ಉಳಿದಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಅಕ್ಕನ ಮಂಚದ ಮೇಲೆ ಕೂತಿದ್ದರು. ಅವಳನ್ನು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ ಎಂದು ಕೇಳಿದರು. ಬೆಳಗ್ಗೆ ಎಂದೆ. ಆ ಬೆಳಗ್ಗೆ ಏನಾಯಿತೆಂದು ತಾವೇ ಹೇಳತೊಡಗಿದರು. ಮೋಡೆಮ್ ಮೊದಲ ಸಲ ಸರಿ ಎಂದು ಉತ್ತರ ಕೊಟ್ಟಿತ್ತು. ಅದನ್ನೇ ನೋಡುತ್ತಾ ಕೂತಿದ್ದಾಗ ಪರದೆಯ ಮೇಲೆ ತಾನಾಗಿಯೇ ರಿಂಗ್ ಎಂಬ ಪದ ಮೂಡಿತು. ಫೋನ್ ಬರುತ್ತಿರುವುದನ್ನೂ ಇದು ಹೇಳುತ್ತದಲ್ಲ ಎಂದು ಕುಣಿಯುವಷ್ಟು ಖುಷಿ. ಬೆಳಗಿನ ಹೊತ್ತು ನೀರಿನ ಮಟ್ಟ ಕೇಳಲು ಕಚೇರಿಯವರೇ ಫೋನ್ ಮಾಡುವುದು, ಅವರು ಆಮೇಲೆ ಮಾಡಿಕೊಳ್ಳಲಿ, ಇದು ಎತ್ತುತ್ತದೋ ನೋಡೋಣ ಎಂದು ಎತ್ತುವ ಆಜ್ಞೆ ಟೈಪ್ ಮಾಡಿದರು. ಎತ್ತಿತು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಎತ್ತಿಸಿದರು.

"ನೀನಾ ಮಾಡಿದ್ದು?" ಎಂದರು.

ಇಲ್ಲ ಎನ್ನಬಹುದಿತ್ತು. ಆದರೆ ಅವರು ನನ್ನ ಮುಖ ನೋಡಿಯಾಗಿತ್ತು.

"ಅವಳು ಏನೋ ಹೇಳ್ಬೇಕಂತಿದ್ಲು, ಅಲ್ವಾ?"

ಮೊದಲ ಸಲ ಅವಳು ನಕ್ಕದ್ದನ್ನು ಹೇಳಿದೆ. ಹೊದಿಕೆಯ ಮೇಲೆ ಟೈಪ್ ಮಾಡಿ ತೋರಿಸಿದ್ದನ್ನು ಹೇಳಿದೆ. ಅವರ ಮುಖ ಒಂದಿಷ್ಟು ಅರಳಿತು, ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಅಲ್ಲಿಗೇ ನಿಲ್ಲಿಸಿಬಿಡೋಣ ಎಂದುಕೊಂಡೆ.

"ಎರಡನೇ ಸಲ?" ಎಂದರು.

"ಅವಳಿಗೆ ಹೇಳೋಕೆ ಏನೂ ಇರಲಿಲ್ಲ ಭಾವ. ಫೋನಿನಲ್ಲಿ ಯಾವತ್ತೂ ಇರಲಿಲ್ಲ. ನೀವು ಮಾತಾಡೋದನ್ನ ಕೇಳ್ಬೇಕಿತ್ತು, ಅಷ್ಟೆ."

"ನಾನು ಅಲ್ಲೇ ಇದ್ದೆನಲ್ಲಮ್ಮ," ಎಂದರು. "ಫೋನು ನನ್ನ ಮೊಣಕೈ ಹತ್ತಿರಾನೇ ಇತ್ತು. ತಂತಿ ಒಂದು ಸಿಕ್ಕಿಸಿದ್ರೆ ಆಗಿತ್ತು."

ನನಗೆ ಅವರ ಮೇಲೆ ಅಷ್ಟು ದಿನದಿಂದ ಇದ್ದ ಕೋಪವನ್ನು ಹುಡುಕಿದೆ, ಸಿಗಲಿಲ್ಲ. ಪಕ್ಕದಲ್ಲಿ ಕೂತೆ. ಕೆಳಗೆ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಶುರುವಾಗಿತ್ತು, ಯಜಮಾನರು ನನ್ನನ್ನು ಎರಡು ಸಲ ಕೂಗಿದರು. ನಾನು ಏಳಲಿಲ್ಲ.