ಮೊದಲ ಮೀನಿನ ಪಾಲು

ಡೆಲ್ಫೀನಳ ಎಲುಬಿಲ್ಲದ ನಾಲಿಗೆ ಎರಡು ವರ್ಷದ ಹಿಂದೆ ಮಾತು ಕೊಟ್ಟುಬಿಟ್ಟಿತ್ತು: "ಸಮುದ್ರದಿಂದ ಬರೋ ಮೊದಲ ಮೀನು ನಿನಗೇ ಅಜ್ಜಿ." ಈಗ ಅಣೆಕಟ್ಟೆಯ ಬುಡದ ಬೋನಿನಲ್ಲಿ ಆ ಮೀನು ಬಂದು ನಿಂತಿತ್ತು. ಬೋನು ಕಾಯುವ ಡೆಲ್ಫೀನಳಿಗೆ ಸಂತೋಷವಾಗಲಿಲ್ಲ. ಅದು ಮೊಟ್ಟೆ ತುಂಬಿದ ಹೆಣ್ಣು. ಮೀನು ನದಿ ಏರುವ ಕಾಲ ಮುಗಿಯುತ್ತ ಬಂದಿತ್ತು, ಬಂದದ್ದು ಇದೊಂದೇ.

ಎಂಬತ್ತೆರಡು ವರ್ಷದ ಹಿಂದೆ ಕಟ್ಟೆ ಎದ್ದಾಗ, ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹುಟ್ಟಿದ ನೀರಿಗೇ ಮರಳುವ ಮೀನುಗಳಾದ ಕೆಂಪು ಸಾಲ್ಮನ್‌ಗಳು ಮೇಲಿನ ಸರೋವರದಲ್ಲಿ ಸಿಕ್ಕಿಕೊಂಡವು. ಸಮುದ್ರದ ಹಂಬಲವಿದ್ದವು ಗೋಡೆ ದಾಟಿ ಹೋದವು. ಮತ್ತೆ ಏರಲಾಗದೆ, ಮಕ್ಕಳಿಲ್ಲದೆ ಸತ್ತವು. ಮನೆ ಬಿಡದವುಗಳ ಸಂತಾನವೇ ಬೆಳೆದು, ಗೇಣುದ್ದಕ್ಕೆ ಕುಗ್ಗಿತು. ಆ ದರಿದ್ರ ಗೋಡೆ ಜರಡಿ ಹಿಡಿದಂತೆ ತಲೆಮಾರು ತಲೆಮಾರಿಗೂ ಸಮುದ್ರವನ್ನು ಅವುಗಳ ರಕ್ತದಿಂದ ಸೋಸಿ ಹಾಕುತ್ತಲೇ ಇತ್ತು. ಊರವರ ಕಾಟ ತಾಳದೆ ಕಟ್ಟೆಯವರು ಎರಡು ವರ್ಷದ ಹಿಂದಿನ ವಸಂತದಲ್ಲಿ ತೂಬು ತೆರೆದಾಗ ಸಾವಿರಾರು ಮರಿಗಳು ಇಳಿದಿದ್ದವು. ಅವುಗಳಲ್ಲಿ ಇವಳೊಬ್ಬಳು ಮೊಳಕ್ಕೂ ಮೀರಿ ಬೆಳೆದು ಬಂದಿದ್ದಳು. ಲಾರಿಯ ತೊಟ್ಟಿಯಲ್ಲಿ ಸರೋವರಕ್ಕೆ ಒಯ್ದು ಬಿಟ್ಟರೆ ಆ ರಕ್ತ ಉಳಿಯಬಹುದು.

ಊರಿನ ಶಾಸ್ತ್ರ ಬೇರೆ. ಮೊದಲ ಮೀನನ್ನು ಹಿರಿಯರು ಬರಮಾಡಿಕೊಂಡು, ಎಲ್ಲರೂ ಒಂದೊಂದು ತುತ್ತು ತಿಂದು, ಮೂಳೆಗಳನ್ನು ನದಿಗೆ ಹಿಂತಿರುಗಿಸಬೇಕು. ಕಟ್ಟೆ ಏಳುವ ಮುಂಚೆ ಹಾಗೆ ತಿಂದವರಲ್ಲಿ ಉಳಿದವಳು ಫಿಲೊಮಿನಾ ಅಜ್ಜಿ ಒಬ್ಬಳೇ. ಆಗ ಅವಳಿಗೆ ಒಂಬತ್ತು, ಈಗ ತೊಂಬತ್ತೊಂದು. ಸುದ್ದಿ ಮುಟ್ಟಿದ್ದೇ ತಡ, ಚೂರಿ ಮಸೆದು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೇಬಿಟ್ಟಳು.

"ಇವಳನ್ನ ಕೊಯ್ಯೋದು ಬೇಡ ಅಜ್ಜಿ," ಎಂದಳು ಡೆಲ್ಫೀನ. "ಸಮುದ್ರ ಕಂಡ ರಕ್ತ ಇವಳ ಹೊಟ್ಟೇಲಿ ಬಿಟ್ರೆ ಬೇರೆಲ್ಲೂ ಇಲ್ಲ."

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ."

"ಇವಳ ಮಕ್ಕಳು ಬರೋದು ಯಾವಾಗ?"

"ನಾಲ್ಕು ವರ್ಷಕ್ಕೆ."

"ಅಷ್ಟೊತ್ತಿಗೆ ನನ್ನ ಮೂಳೇನೂ ಸಿಗಲ್ಲ ಕಣೆ."

ಸುಳ್ಳು ಹೇಳಿ ಸಮಾಧಾನ ಮಾಡುವುದು ಡೆಲ್ಫೀನಳಿಗೆ ಬಾರದು. "ಮೇಲಿರೋ ಗಂಡುಗಳೋ ಗೇಣುದ್ದ. ಇವಳ ಜೊತೆ ಕೂಡ್ತವೋ ಇಲ್ವೋ, ಅದೂ ಗೊತ್ತಿಲ್ಲ."

"ಗಂಡ ಕುಳ್ಳ ಅಂತ ಸಂಸಾರ ನಿಲ್ಲತ್ತಾ? ನಿಮ್ಮ ತಾತ ನನ್ನ ಭುಜಕ್ಕೆ ಬರ್ತಿದ್ದ." ಅಜ್ಜಿ ಬಗ್ಗಿ ಮೀನಿನ ತುಂಬಿದ ಹೊಟ್ಟೆಯನ್ನು ನೋಡಿದಳು. ಆಮೇಲೆ ಚೂರಿಯನ್ನು ಚೀಲಕ್ಕೆ ಹಾಕಿದಳು. "ಮೊಟ್ಟೆ ಇಟ್ಟು ಸಾಯ್ತಾಳೆ ತಾನೆ? ಮೂಳೆ ನೀರಿಗೇ ಸೇರತ್ತೆ. ಆ ಶಾಸ್ತ್ರ ಅವಳೇ ಮುಗಿಸ್ಕೋತಾಳೆ. ಒಂದ್ಸಲ ಮುಟ್ಟೋಕೆ ಬಿಡು."

ಡೆಲ್ಫೀನ ಒದ್ದೆ ಬಲೆಯಲ್ಲಿ ಮೀನನ್ನು ನೀರಿನ ಮಟ್ಟಕ್ಕೆ ಎತ್ತಿದಳು. ಅಜ್ಜಿ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಊರಿನ ಹಳೆಯ ಭಾಷೆಯಲ್ಲಿ ಬರಮಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಲಾರಿ ಸರೋವರ ಮುಟ್ಟಿತು, ಮೀನು ಆಳಕ್ಕೆ ಇಳಿದು ಮರೆಯಾಯಿತು.

ಸಂಜೆ ಊಟಕ್ಕೆ ಎಣ್ಣೆಯಲ್ಲಿ ಕರಿದ ರೊಟ್ಟಿ ಇತ್ತು. ಡೆಲ್ಫೀನ ಬೋಗುಣಿಯಲ್ಲಿ ನೀರು ತಂದಳು. "ಕೈ ತೊಳ್ಕೋ ಅಜ್ಜಿ, ಮೀನಿನ ವಾಸನೆ."

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಳು. ಆ ಕೈಯಲ್ಲೇ ರೊಟ್ಟಿ ಮುರಿದು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದು ನುಂಗಿದಳು. ಇನ್ನೊಂದು ಚೂರು ಮುರಿದು ಮೊಮ್ಮಗಳ ಬಾಯಿಗೆ ಹಿಡಿದಳು.

"ತಿನ್ನು," ಎಂದಳು. "ಎಲ್ಲರೂ ತಿನ್ಬೇಕು."